ಹಿಂದಿನ ಸೀಟಿನಲ್ಲಿ ಕೂತವಳು

ಕಡೆಹಟ್ಟಿ, ಊಟಿ
12 ಅಕ್ಟೋಬರ್ 1934

ಮಗಳು ಪಂಕಜಂಗೆ,

ಅಪ್ಪನ ಕಡೆಯಿಂದ ನಿನಗೂ ಅಳಿಯ ರಂಗನಾಥನಿಗೂ ಒಳ್ಳೆಯದಾಗಲಿ. ಗೂಡಲೂರಿನ ಮಳೆ ಮುಗಿಯಿತೇ, ಇಲ್ಲ ಇನ್ನೂ ನಿಮ್ಮ ಬಟ್ಟೆಗಳು ಮೈಮೇಲೆಯೇ ಒಣಗಬೇಕೇ? ಇಲ್ಲಿ ಉರುಳೆಗಡ್ಡೆ ಕಿತ್ತಾಯಿತು. ನಿನ್ನ ಚಿಕ್ಕಪ್ಪ ಸುಬ್ಬನ ಎಮ್ಮೆ ಈದಿದೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ಇನ್ನು ನಿಜ ಬರೆಯುತ್ತೇನೆ.

ನಿನ್ನ ಅವ್ವೆಯನ್ನು ನೋಡಿದೆ.

ನಗಬೇಡ. ಅಳಿಯನಿಗೆ ಓದಿ ಹೇಳಲೂ ಬೇಡ. ಅವನು ಮೇಷ್ಟ್ರು, ಇಂಥದ್ದಕ್ಕೆಲ್ಲ ಅವನ ಹತ್ತಿರ ಒಂದು ನಗೆ ಸಿದ್ಧವಾಗಿರುತ್ತದೆ. ಮೊನ್ನೆ ಬಾಡಿಗೆಗೆ ಹೋಗಿ ನಡುವಟ್ಟಂನಲ್ಲಿ ಒಬ್ಬರ ಪೆಟ್ಟಿಗೆಗಳನ್ನು ಇಳಿಸಿ ಒಬ್ಬನೇ ಹಿಂದಕ್ಕೆ ಬರುತ್ತಿದ್ದೆ. ಪೈಕಾರ ಸಿಗುವ ಮೊದಲೇ ಮಂಜು ಕವಿದು ಮೋಟಾರಿನ ಮೂಗೇ ಕಾಣದಂತಾಯಿತು. ರಸ್ತೆ ಪಕ್ಕ ನಿಲ್ಲಿಸಿದೆ. ಎಂಜಿನ್ನು ಆರಿಸಲಿಲ್ಲ, ಈ ಮುದಿ ಗಾಡಿ ಚಳಿಯಲ್ಲಿ ಒಮ್ಮೆ ಮಲಗಿದರೆ ಹ್ಯಾಂಡಲು ತಿರುಗಿಸಿ ತಿರುಗಿಸಿ ತೋಳು ಬಿದ್ದುಹೋಗಬೇಕು. ಮುಂದೆ ಗಾಳಿ ಕೊರೆಯುತ್ತಿತ್ತು. ಹಿಂದಿನ ಸೀಟಿಗೆ ಹೋಗಿ ಪಕ್ಕದ ಪರದೆಗಳನ್ನೆಲ್ಲ ಇಳಿಸಿ ಗುಂಡಿ ಹಾಕಿ ಕಂಬಳಿ ಹೊದ್ದು ಕೂತೆ. ಈ ಮೋಟಾರು ಕೊಂಡ ಮೇಲೆ ನಾನು ಹಿಂದೆ ಕೂತದ್ದು ಅದೇ ಮೊದಲು. ಸ್ವಲ್ಪ ಹೊತ್ತಿಗೆ ತಲೆ ಭಾರವಾಯಿತು. ಪಕ್ಕಕ್ಕೆ ನೋಡಿದರೆ ಚಿನ್ನಿ ಕೂತಿದ್ದಾಳೆ. ಬಿಳಿ ಮುಂಡು, ತಲೆಗೆ ಕಟ್ಟಿದ ಬಿಳಿ ಬಟ್ಟೆ, ಎರಡೂ ಕೈ ಮಡಿಲಲ್ಲಿ. ನನ್ನನ್ನು ನೋಡಲಿಲ್ಲ. ಮುಂದಿನ ಸೀಟಿನ ಬೆನ್ನನ್ನು ನೋಡುತ್ತಿದ್ದಳು.

ಅವಳು ಅದನ್ನೇ ನೋಡುತ್ತ ಹೋದವಳಲ್ಲವೇ? ಹೋದ ಜನವರಿಯಲ್ಲಿ ನಿನ್ನ ಮನೆಯಲ್ಲಿ ಅವಳಿಗೆ ಜ್ವರ ಬಂದು, ಊಟಿಯ ಆಸ್ಪತ್ರೆಗೆ ಸೇರಿಸೋಣವೆಂದು ನಾನು ಕರೆದುಕೊಂಡು ಹೊರಟಾಗ ನೀನೇ ತಲೆದಿಂಬು ಇಟ್ಟು ಕೂರಿಸಿದೆ. “ದಾರಿಯಲ್ಲಿ ನಿಲ್ಲಿಸಿ ಹರಟೆ ಹೊಡೀಬೇಡಿ” ಎಂದು ನನ್ನನ್ನು ಬೈದೇ ಹತ್ತಿದಳು. ಅವಳಿಗೆ ಚಳಿ ತಾಗಬಾರದೆಂದು ಪರದೆಗಳ ಸಂದಿಗೆಲ್ಲ ಹಳೆ ಕಂಬಳಿ ಸಿಕ್ಕಿಸಿದ್ದೆ. ಏರು ಹತ್ತುವಾಗ ಗಂಟಲು ಬಿಟ್ಟೆ. ನನ್ನ ಕಾಲಿನ ಹತ್ತಿರ ಒಂದು ಮೆಟ್ಟು ಇದೆಯಲ್ಲ, ಒತ್ತಿದರೆ ಹೊಗೆ ಕೊಳವೆಯ ಬಾಯಿ ನಡುವಿನಲ್ಲೇ ತೆರೆದುಕೊಂಡು ಮೋಟಾರಿಗೆ ಉಸಿರು ಹಗುರಾಗುತ್ತದೆ, ಹುಲಿಯ ಹಾಗೆ ಗರ್ಜಿಸಿಕೊಂಡು ಹತ್ತುತ್ತದೆ. ಅದನ್ನೇ ನಾನು ಗಂಟಲು ಅನ್ನುವುದು. ಆ ಗರ್ಜನೆಯಲ್ಲಿ ಹಿಂದಿನವರ ಮಾತು ಕೇಳುವುದಿಲ್ಲ. ತಿರುವಿನ ರಸ್ತೆ, ತಿರುಗಿ ನೋಡುವಂತಿಲ್ಲ. ನಾನು ದಾರಿಯುದ್ದಕ್ಕೂ ಅವಳೊಂದಿಗೆ ಮಾತಾಡುತ್ತಲೇ ಬಂದೆ. ಊಟಿಯಲ್ಲಿ ಇಳಿದು ನೋಡಿದಾಗ ಯಾರೊಂದಿಗೆ ಮಾತಾಡಿದೆನೆಂದು ತಿಳಿಯಿತು.

ಅವಳ ಮುಖ ತೊಳೆದ ಹೆಂಗಸರು “ಕಲ್ಯಾಣದ ಹೆಣ್ಣಂಗೆ ಕೆನ್ನೆ ಕೆಂಪು ನೋಡು, ಪುಣ್ಯವಂತಿ” ಎಂದರು. ಪುಣ್ಯವಂತಿಯ ಬಾಯಿಗೆ ಹಣ ಬೀಳಲಿಲ್ಲ. ನಮ್ಮಲ್ಲಿ ಎಂಥ ಬಡವರೂ ಉಸಿರು ಹೋಗುವ ಮುಂಚೆ ತುಪ್ಪದಲ್ಲಿ ಅದ್ದಿದ ಆ ಚೂರು ಚಿನ್ನದ ಹಣ ನುಂಗಿಯೇ ದಾಟುತ್ತಾರೆ. ನಾವು ಅವಳ ತೋಳಿಗೆ ಕಟ್ಟಿ ಕಳಿಸಿದೆವು. ಅದಕ್ಕೇ ದಾಟಲಾಗದೆ ಕೂತಿದ್ದಾಳೆ, ಪಂಕಜಂ. ನನ್ನ ಮೋಟಾರಿನಲ್ಲೇ ಕೂತಿದ್ದಾಳೆ.

ನಿನ್ನ ಅಪ್ಪ,
ಭೋಜನ್


ಗೂಡಲೂರು
25 ಅಕ್ಟೋಬರ್ 1934

ಅಪ್ಪನಿಗೆ ಪಂಕಜಂ ಕಾಲಿಗೆ ಬಿದ್ದು ಬರೆಯುವುದು.

ನಾನು ನಗಲಿಲ್ಲ. ಓದಿದ ಮೇಲೆ ಒಲೆಯ ಮುಂದೆ ಕೂತು ಅತ್ತೆ. ಇವರು ಏನೆಂದು ಕೇಳಿದರು, ಹಸಿ ಸೌದೆ ಎಂದೆ. ನಂಬಿದರು, ಈ ಊರಿನಲ್ಲಿ ಆ ಮಾತನ್ನು ಯಾರಾದರೂ ನಂಬುತ್ತಾರೆ.

ಅವ್ವೆ ಏನಾದರೂ ಮಾತಾಡಿದಳೇ? ನಾನು ಇಟ್ಟ ತಲೆದಿಂಬು ಇತ್ತೇ? ಇದನ್ನು ಕೇಳಬಾರದು, ನಿನ್ನನ್ನು ಗದರಿಸಬೇಕು, ಗೊತ್ತು. ಆದರೆ ನನಗೆ ಹೊಟ್ಟೆಕಿಚ್ಚಾಯಿತು ಅಪ್ಪ. ಅವಳು ನಿನಗೆ ಕಂಡಳು, ನನ್ನ ಮನೆಯಿಂದಲೇ ಹೊರಟವಳು ನನಗೆ ಒಂದು ಕನಸಿನಲ್ಲೂ ಕಾಣಲಿಲ್ಲ.

ಈಗ ಗದರಿಸುತ್ತೇನೆ. ಮಂಜಿನಲ್ಲಿ ಒಬ್ಬನೇ ಹೋಗಬೇಡ. ಆ ಏರಿನಲ್ಲಿ ನಿನ್ನ ಹಿಂದಿನ ಸೀಟಿನವರಿಗೆಲ್ಲ ತಲೆ ಸುತ್ತುವುದು, ವಾಂತಿಯಾಗುವುದು ಮೊದಲಿನಿಂದಲೂ ಇದ್ದದ್ದೇ. ತಿರುವಿನಲ್ಲಿ ದಾರಿಹೋಕರನ್ನು ಕಾಡುವ ಮುನಿ ಇದ್ದಾನೆಂದು ನೀನೂ ನಿಂಬೆಹಣ್ಣು ಇಡುತ್ತಿದ್ದೆಯಲ್ಲ. ಈಗಲೂ ಇಡುತ್ತೀಯೋ ಬಿಟ್ಟೆಯೋ? ಕಣ್ಣು ತೋರಿಸಿಕೋ, ಹೊಟ್ಟೆತುಂಬ ಉಣ್ಣು. ಚಿಕ್ಕಮ್ಮ ಕೊಟ್ಟ ಹಿಟ್ಟು ಬೇಡವೆಂದು ತಟ್ಟೆ ತಳ್ಳುತ್ತೀಯಂತೆ, ಸುದ್ದಿ ಇಲ್ಲಿಯವರೆಗೆ ಬಂದಿದೆ.

ಇನ್ನೊಂದು ಸುದ್ದಿ ಇಲ್ಲಿಂದ ಅಲ್ಲಿಗೆ ಹೋಗಬೇಕಾದದ್ದು. ನೀನು ಅಜ್ಜನಾಗುತ್ತೀಯ. ಬೇಸಿಗೆಯ ಹೊತ್ತಿಗೆ. ಹೆಣ್ಣಾದರೆ ಯಾರ ಹೆಸರು ಇಡಬೇಕೆಂದು ಇವರು ಕೇಳಲೇ ಇಲ್ಲ.

ಪಂಕಜಂ


ಕಡೆಹಟ್ಟಿ
20 ನವೆಂಬರ್ 1934

ಮಗಳಿಗೆ,

ನಿನ್ನ ಕಾಗದವನ್ನು ಹಟ್ಟಿಯ ಎಲ್ಲರಿಗೂ ಓದಿ ಹೇಳಿದೆ, ಕೊನೆಯ ನಾಲ್ಕು ಸಾಲು ಮಾತ್ರ. ಸುಬ್ಬ ಹಾಲು ಕಾಯಿಸಿ ಎಲ್ಲರಿಗೂ ಕೊಟ್ಟ. ಒಂದು ಒಂಬತ್ತಾಗಲಿ ಎಂದು ಮುದುಕಿಯರು ಹರಸಿದರು. ಹಟ್ಟಿಗೆ ಹಟ್ಟಿಯೇ ನಿನ್ನ ದಾರಿ ನೋಡುತ್ತಿದೆ.

ನಾನು ಚಿನ್ನಿಗೂ ಹೇಳಿದೆ. ಅವಳು ಈಗ ಇಲ್ಲೇ ಬರುತ್ತಾಳೆ, ನಮ್ಮ ಕೊಟ್ಟಿಗೆಗೆ.

ಈ ವರ್ಷ ಹಿಮ ಬೇಗ ಬಿತ್ತು. ಬೆಳಿಗ್ಗೆ ಹುಲ್ಲೆಲ್ಲ ಉಪ್ಪು ಚೆಲ್ಲಿದ ಹಾಗೆ. ಮೋಟಾರಿನ ನೀರು ಹೆಪ್ಪುಗಟ್ಟಿದರೆ ಕಬ್ಬಿಣವೇ ಸೀಳಿಹೋಗುತ್ತದೆ. ಅದಕ್ಕೆ ಎಮ್ಮೆಗಳನ್ನು ಸುಬ್ಬನ ಕಡೆಗೆ ಕಳಿಸಿ ಕೊಟ್ಟಿಗೆಯನ್ನು ಮೋಟಾರಿಗೇ ಕೊಟ್ಟಿದ್ದೇನೆ. ಗೋಡೆಯ ಸಂದಿಗಳಿಗೆ ಜರಿಸೊಪ್ಪು ತುರುಕಿದೆ, ಬಾಗಿಲಿನ ಅಡಿಗೆ ಗೋಣಿ. ಬೆಳಿಗ್ಗೆ ಎದ್ದು ಬಾಗಿಲು ಮುಚ್ಚಿಕೊಂಡೇ ಎಂಜಿನ್ನು ಹಚ್ಚಿ ಬಿಸಿ ಮಾಡುತ್ತೇನೆ. ತೆರೆದರೆ ಬಿಸಿಯೆಲ್ಲ ಓಡಿಹೋಗುತ್ತದಲ್ಲ. ಹಾಗೆ ಒಂದು ಬೆಳಿಗ್ಗೆ ಹಿಂದಿನ ಸೀಟಿನಲ್ಲಿ ಕೂತು ಕಾದೆ. ಬಂದಳು.

ಎಂಜಿನ್ನು ಓಡುತ್ತಿರಬೇಕು, ಬಾಗಿಲು ಮುಚ್ಚಿರಬೇಕು, ಆಗಲೇ ಬರುತ್ತಾಳೆ. ಆರಿಸಿ ಕೂತು ನೋಡಿದ್ದೇನೆ, ಬರುವುದಿಲ್ಲ. ಅವಳಿಗೆ ಮೋಟಾರೆಂದರೆ ಮೊದಲಿನಿಂದಲೂ ಇಷ್ಟ. ಆ ಬಿಳಿ ದೊರೆ ಸೀಮೆಗೆ ಹೋಗುವಾಗ ಮಾರಿದ ಹಳೇ ಡಬ್ಬವನ್ನು ನಾನು ತಂದಾಗ ಎಲ್ಲರೂ ಕಬ್ಬಿಣದ ಎಮ್ಮೆ ಎಂದು ಆಡಿಕೊಂಡರು, ಅವಳೊಬ್ಬಳೇ ಅದಕ್ಕೆ ದೃಷ್ಟಿ ತೆಗೆದವಳು. ನಾನು ತುಪ್ಪದ ಬಟ್ಟಲೂ ಹಣವೂ ಇಟ್ಟುಕೊಂಡೇ ಕೂರುತ್ತೇನೆ. ಅವಳ ಬಾಯಿಗೆ ಹಾಕಬೇಕು, ಅಷ್ಟೇ. ಆದರೆ ಅವಳು ಬರುವ ಹೊತ್ತಿಗೆ ನನ್ನ ಕೈ ನನ್ನದಾಗಿರುವುದಿಲ್ಲ. ಎತ್ತಬೇಕೆಂದುಕೊಳ್ಳುತ್ತೇನೆ, ಏಳುವುದಿಲ್ಲ. ಮೊಣಕಾಲು ನೀರಾಗುತ್ತದೆ. ಹೇಗೋ ತೆವಳಿ ಬಾಗಿಲು ದೂಡಿ ಹೊರಗೆ ಬಿದ್ದ ಮೇಲೆ ತಲೆ ಒಡೆಯುವ ನೋವು, ವಾಂತಿ. ಇರಲಿ. ಮೊನ್ನೆ ಒಂದು ಕೋಳಿ ಒಳಗೆ ಸಿಕ್ಕಿಕೊಂಡು ಸೀಟಿನ ಕೆಳಗೆ ಸತ್ತಿತ್ತು, ಮೈಮೇಲೆ ಒಂದು ಗಾಯವಿಲ್ಲ. ಚಿನ್ನಿ ತೆಗೆದುಕೊಂಡಳು ಎಂದುಕೊಂಡೆ.

ಏಳನೇ ತಿಂಗಳಿಗೆ ನಾನೇ ಬಂದು ನಿನ್ನನ್ನು ಮೋಟಾರಿನಲ್ಲಿ ಕರೆತರುತ್ತೇನೆ. ಬಸ್ಸಿನಲ್ಲಿ ಕುಲುಕಿಸಿಕೊಂಡು ಬರುವುದು ಬೇಡ. ಪರದೆಗಳಿಗೆ ಒಳಗಿನಿಂದ ಕಂಬಳಿ ಹೊಲಿಸುತ್ತಿದ್ದೇನೆ. ಒಂದು ಎಳೆ ಗಾಳಿ ಒಳಗೆ ಬರಬಾರದು. ಹಿಂದೆ ಅವ್ವೆಯ ಪಕ್ಕ ಕೂತು ಬಾ.

ನಿನ್ನ ಅಪ್ಪ,
ಭೋಜನ್


ಕಡೆಹಟ್ಟಿ
5 ಡಿಸೆಂಬರ್ 1934

ಪಂಕಜಂಗೆ ಚಿಕ್ಕಪ್ಪ ಸುಬ್ಬ ಬರೆಸಿ ಕಳಿಸುವುದು.

ನನಗೆ ಬರೆಯಲು ಬಾರದು, ಮಿಷನ್ನಿನ ಉಪದೇಶಿಯವರು ಬರೆಯುತ್ತಿದ್ದಾರೆ, ಅವರಿಗೆ ಅವಸರವಿದೆ. ಅಣ್ಣ ನಿನಗೆ ಎಷ್ಟು ತಿಳಿಸಿದ್ದಾನೋ ಗೊತ್ತಿಲ್ಲ. ನಿನ್ನೆ ಬೆಳಿಗ್ಗೆ ಮೋಟಾರಿನ ಸದ್ದು ಬಹಳ ಹೊತ್ತು ಕೇಳಿತು. ಕರೆದರೆ ಓ ಅನ್ನಲಿಲ್ಲ. ಬಾಗಿಲು ಒದ್ದು ತೆಗೆದೆ. ಹಿಂದಿನ ಸೀಟಿನಲ್ಲಿ ಕುತ್ತಿಗೆ ಮುರಿದ ಕೋಳಿಯ ಹಾಗೆ ಒರಗಿದ್ದ. ಎಳೆದು ಹಿಮದ ಹುಲ್ಲಿನ ಮೇಲೆ ಹಾಕಿದೆವು. ಕಣ್ಣು ಬಿಟ್ಟವನು ನನ್ನನ್ನೇ ಬೈದ. “ಏಕೆ ಬಂದೆ ಸುಬ್ಬ? ಚಿನ್ನಿ ಈಗ ಬಾಯಿ ತೆಗೆದಿದ್ದಳು” ಎಂದು ಅತ್ತ.

ಪೂಜಾರಿಯನ್ನು ಕೇಳಿದರೆ ಚಿನ್ನಿ ಕರೆಯುತ್ತಿದ್ದಾಳೆ ಎನ್ನುತ್ತಾನೆ. ಅತ್ತಿಗೆ ನನ್ನನ್ನು ಮಗನ ಹಾಗೆ ಸಾಕಿದವಳು, ಗಂಡನನ್ನು ಕೊಲ್ಲುವ ಜೀವ ಅಲ್ಲ ಅದು. ಆದರೆ ನೋಡಿದ್ದನ್ನು ಏನೆಂದು ಹೇಳಲಿ? ನಿನ್ನ ಮಾತು ಒಂದನ್ನೇ ಅವನು ಕೇಳುವುದು. ಬೇಗ ಬರಿ.

ಸುಬ್ಬ


ಗೂಡಲೂರು
14 ಡಿಸೆಂಬರ್ 1934

ಅಪ್ಪನಿಗೆ,

ಈ ಕಾಗದವನ್ನು ಕೂತು ಓದು. ಅಂಗಳದಲ್ಲಿ ಕೂತು ಓದು, ಕೊಟ್ಟಿಗೆಯಲ್ಲಿ ಅಲ್ಲ.

ನಮ್ಮ ಪಕ್ಕದ ಮನೆಯ ಕಮಲಂಗೆ ಹೋದ ವಾರ ಗಂಡು ಹುಟ್ಟಿತು. ಬಾಣಂತಿಗೆ ಶೀತವಾಗಬಾರದೆಂದು ಅವಳ ಅತ್ತೆ ಕೋಣೆಯ ಕಿಟಕಿ ಬಿಗಿದು, ಬಾಗಿಲಿನ ಸಂದಿಗೆ ಸೀರೆ ತುರುಕಿ, ಮಂಚದ ಕೆಳಗೆ ಬಾಣಲೆಯಲ್ಲಿ ಇದ್ದಿಲ ಕೆಂಡ ಇಟ್ಟರು. ಮುಂಜಾನೆ ಕೂಗಿದರೆ ಕಮಲಂ ಏಳಲಿಲ್ಲ. ನಾನೇ ಓಡಿಹೋಗಿ ನೋಡಿದೆ. ಸತ್ತವಳ ಹಾಗೆ ಬಿದ್ದಿದ್ದಳು, ಆದರೆ ಕೆನ್ನೆ ಎರಡೂ ಕೆಂಪಗೆ ಅರಳಿದ್ದವು. ಅದನ್ನು ನೋಡಿ ನಾನು ಅಲ್ಲೇ ಕುಸಿದುಬಿಟ್ಟೆ. ಏಕೆಂದು ಆಗ ನನಗೇ ತಿಳಿಯಲಿಲ್ಲ.

ಎಸ್ಟೇಟಿನ ಡಾಕ್ಟರು ಬಂದವರೇ ಮದ್ದಿನ ಪೆಟ್ಟಿಗೆ ತೆಗೆಯುವ ಮೊದಲು ಕಿಟಕಿ ಒಡೆದರು. ಅವಳನ್ನೂ ಮಗುವನ್ನೂ ಹೊರಗೆ ಗಾಳಿಗೆ ತಂದರು. ದೇವರ ದಯೆ, ಇಬ್ಬರೂ ಉಳಿದರು. ಕೆಂಡದಿಂದ ಒಂದು ವಿಷಗಾಳಿ ಏಳುತ್ತದಂತೆ. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಗೊತ್ತಾಗುವುದಿಲ್ಲ. ನಾವು ಎಳೆದುಕೊಳ್ಳುವ ಒಳ್ಳೆಯ ಗಾಳಿಗೆ ರಕ್ತದಲ್ಲಿರುವ ಜಾಗವನ್ನು ಅದು ಹಿಡಿದು ಕೂರುತ್ತದಂತೆ. ಮೊದಲು ತಲೆನೋವು, ವಾಕರಿಕೆ, ಆಮೇಲೆ ಕೈಕಾಲು ಸೋತು ಏಳಬೇಕೆಂದರೂ ಏಳಲಾಗದ ನಿದ್ದೆ. ಕಮಲಂ ಎಚ್ಚರವಾದ ಮೇಲೆ, ಸತ್ತುಹೋದ ಅವಳ ದೊಡ್ಡಮ್ಮ ಮಂಚದ ಕಾಲಿನ ಹತ್ತಿರ ನಿಂತಿದ್ದಳು ಎಂದಳು. ಡಾಕ್ಟರು ನಗಲಿಲ್ಲ. ಆ ಗಾಳಿ ಕುಡಿದವರು ಇಲ್ಲದವರನ್ನು ಕಾಣುವುದುಂಟು ಎಂದರು.

ಅವರಿಗೂ ಒಂದು ಮೋಟಾರಿದೆ. ಮೋಟಾರಿನ ಹೊಗೆಯಲ್ಲೂ ಅದೇ ಇದೆಯೇ ಎಂದು ಕೇಳಿದೆ. ಕೈ ಒರೆಸುತ್ತಿದ್ದವರು ನಿಲ್ಲಿಸಿ, ಅಲ್ಲಿ ಇನ್ನೂ ಹೆಚ್ಚು, ಹಳೆಯ ಮೋಟಾರಿನಲ್ಲಿ ಕೇಳಲೇಬೇಡ ಎಂದರು. ನಿನ್ನ ಕೊಟ್ಟಿಗೆಯ ವಿಷಯ ಹೇಳಿದೆ, ಗಂಟಲಿನ ವಿಷಯ ಹೇಳಿದೆ. ಆ ಗಂಟಲು ತೆರೆದರೆ ಹೊಗೆ ಹಿಂದಕ್ಕೆ ಹೋಗದೆ ಸೀದಾ ಹಿಂದಿನ ಸೀಟಿನ ಹಲಗೆಯ ಕೆಳಗೆ ಬೀಳುತ್ತದೆ, ಹಳೆ ಹಲಗೆಯ ಬಿರುಕಿನಿಂದ ಒಳಗೆ ಬರುತ್ತದೆ, ಪರದೆ ಹಾಕಿದ್ದರೆ ಅಲ್ಲೇ ನಿಲ್ಲುತ್ತದೆ ಎಂದರು. ಮುಂದೆ ಕೂತವನಿಗೆ ಗಾಳಿ ಬಡಿಯುತ್ತಿರುವುದರಿಂದ ಏನೂ ತಿಳಿಯುವುದಿಲ್ಲವಂತೆ.

ತಿರುವಿನಲ್ಲಿ ಮುನಿ ಇಲ್ಲ ಅಪ್ಪ. ಕೋಳಿಯನ್ನು ಅವ್ವೆ ತೆಗೆದುಕೊಳ್ಳಲಿಲ್ಲ. ನಿನ್ನ ಕೈ ಏಳದಿದ್ದದ್ದು ಅವಳು ತಡೆದದ್ದರಿಂದ ಅಲ್ಲ.

ನಾನು ನಿನ್ನ ಕಾಲು ಹಿಡಿದು ಕೇಳುತ್ತೇನೆ. ಬಾಗಿಲು ಹಾರುಹೊಡೆಯದೆ, ಮೋಟಾರನ್ನು ಅಂಗಳಕ್ಕೆ ತಳ್ಳದೆ ಹ್ಯಾಂಡಲು ಮುಟ್ಟಬೇಡ. ನೀರು ಹೆಪ್ಪುಗಟ್ಟುವ ಭಯವಿದ್ದರೆ ಸಂಜೆ ಬಸಿದುಬಿಡು, ಬೆಳಿಗ್ಗೆ ಬಿಸಿನೀರು ಹಾಕು. ಊಟಿಯ ಫಿಟ್ಟರ್ ನಂಜುಂಡನ್ ಹತ್ತಿರ ಹೋಗಿ ಆ ಗಂಟಲನ್ನು ಬೆಸೆದು ಮುಚ್ಚಿಸು, ಕೊಳವೆಯನ್ನು ಹಿಂದಿನವರೆಗೂ ಹೊಸದಾಗಿ ಹಾಕಿಸು. ಅಲ್ಲಿಯವರೆಗೆ ಯಾರನ್ನೂ ಪರದೆಯೊಳಗೆ ಕೂರಿಸಬೇಡ. ನಾನೂ ಆ ಮೋಟಾರು ಹತ್ತುವುದಿಲ್ಲ, ನನ್ನ ಹೊಟ್ಟೆಯಲ್ಲಿ ಇನ್ನೊಂದು ಜೀವವಿದೆ.

ಅವ್ವೆ ಹೋದದ್ದು ಜ್ವರದಿಂದ. ಅದು ಬೇರೆ, ಇದು ಬೇರೆ. ಅದನ್ನು ಇದಕ್ಕೆ ಸೇರಿಸಿ ಮನಸ್ಸು ಕೆಡಿಸಿಕೊಳ್ಳಬೇಡ.

ಪಂಕಜಂ


ಕಡೆಹಟ್ಟಿ
19 ಡಿಸೆಂಬರ್ 1934

ಪಂಕಜಂ,

ಚಿನ್ನಿಯ ಕೆನ್ನೆಯೂ ಕೆಂಪಗಿತ್ತು. ಜ್ವರದಲ್ಲಿ ಹೋದವರನ್ನು ನಾನು ಬಹಳ ನೋಡಿದ್ದೇನೆ, ಅವರ ಮುಖ ಬೂದಿಯಾಗಿರುತ್ತದೆ.

ನನ್ನ ಮಗಳು ನನಗೆ ಸುಳ್ಳು ಬರೆದವಳಲ್ಲ. ನಿಜ ಏನು, ಬರಿ.

ಭೋಜನ್


ಗೂಡಲೂರು
23 ಡಿಸೆಂಬರ್ 1934

ಚಿಕ್ಕಪ್ಪನಿಗೆ,

ಇದನ್ನು ನಿಮಗೆ ಓದಿ ಹೇಳುವ ಉಪದೇಶಿಯವರು ಎರಡನೆಯವರ ಕಿವಿಗೆ ಹಾಕದಿರಲಿ. ಓದಿದ ಕೂಡಲೇ ಮೋಟಾರಿನ ಹ್ಯಾಂಡಲನ್ನು ಕದ್ದು ಎಲ್ಲಾದರೂ ಅಡಗಿಸಿಡಿ. ಅಪ್ಪ ಕೇಳಿದರೂ ಕೊಡಬೇಡಿ, ಹೊಡೆದರೂ ಕೊಡಬೇಡಿ.

ಅವ್ವೆಯನ್ನು ಕೊಂದದ್ದು ಜ್ವರವಲ್ಲ ಚಿಕ್ಕಪ್ಪ, ಮೋಟಾರಿನ ಹೊಗೆ. ಡಾಕ್ಟರನ್ನು ನಾನು ಮತ್ತೆ ಹೋಗಿ ಕೇಳಿದೆ. ಪರದೆ ಹಾಕಿದ್ದು, ಕಂಬಳಿ ತುರುಕಿದ್ದು, ಗಂಟಲು ಬಿಟ್ಟದ್ದು, ಕೆನ್ನೆ, ಎಲ್ಲವನ್ನೂ ಹೇಳಿದೆ. ಅವರು ನನ್ನ ತಲೆಯ ಮೇಲೆ ಕೈ ಇಟ್ಟರು, ಅಷ್ಟೇ. ಇನ್ನೇನು ಹೇಳಬೇಕು?

ಈಗ ಅಪ್ಪ ನಿಜ ಬರಿ ಎಂದು ಕೇಳಿದ್ದಾನೆ. ಅಲ್ಲ ಎಂದು ಬರೆದರೆ ಹೊಗೆಯಿಂದ ಏನೂ ಆಗುವುದಿಲ್ಲವೆಂದು ನಾಳೆಯೇ ಕೊಟ್ಟಿಗೆಗೆ ಹೋಗಿ ಕೂರುತ್ತಾನೆ, ಒಂದು ದಿನ ಹೊರಗೆ ಬರುವುದಿಲ್ಲ. ಹೌದು ಎಂದು ಬರೆದರೆ ಅವಳನ್ನು ಕೊಂದದ್ದು ತಾನೇ ಎಂದು ತಿಳಿಯುತ್ತಾನೆ, ತಿಳಿದೇ ಹೋಗಿ ಕೂರುತ್ತಾನೆ. ಎರಡು ಕಡೆಯೂ ಅದೇ ಕೊಟ್ಟಿಗೆ. ನನಗೆ ಪೆನ್ನು ಹಿಡಿಯಲು ಕೈ ಬರುತ್ತಿಲ್ಲ. ನಾನೇ ಬರೋಣವೆಂದರೆ ರಕ್ತ ಕಾಣಿಸಿಕೊಂಡು ಡಾಕ್ಟರು ಮಲಗಿಸಿದ್ದಾರೆ. ಇದನ್ನು ಅಪ್ಪನಿಗೆ ಹೇಳಬೇಡಿ.

ನಿಮ್ಮ ಪಂಕಜಂ


ಕಡೆಹಟ್ಟಿ
31 ಡಿಸೆಂಬರ್ 1934

ಪಂಕಜಂಗೆ,

ಹ್ಯಾಂಡಲು ನನ್ನ ಹತ್ತಿರ ಇದೆ. ಅಣ್ಣ ಅದನ್ನು ಕೇಳಲೂ ಇಲ್ಲ, ಹುಡುಕಲೂ ಇಲ್ಲ. ಹಗಲೆಲ್ಲ ಹಟ್ಟಿಯ ತಲೆಬಾಗಿಲ ಕಲ್ಲಿನ ಮೇಲೆ ಕೂತು ಟಪಾಲಿನವನ ದಾರಿ ನೋಡುತ್ತಾನೆ. ನಮ್ಮ ದೇವಿಯ ಹಬ್ಬಕ್ಕೆ ಎಲ್ಲರೂ ಬಿಳಿ ಉಟ್ಟು ಹೊರಟರು, ಇವನು ಏಳಲಿಲ್ಲ. “ಉಣ್ಣು ಅಣ್ಣ” ಎಂದರೆ “ಕಾಗದ ಬರಲಿ” ಎನ್ನುತ್ತಾನೆ. ಯಾವುದಾದರೂ ಒಂದು ಬರೆದುಬಿಡು ಮಗಳೇ. ಕೊಟ್ಟಿಗೆಗೆ ಹೋಗದೆಯೂ ಇವನು ಸಾಯುವ ಹಾಗೆ ಕಾಣುತ್ತದೆ.

ಅವನ ಹಿಂದೆ ಹಿಂದೆಯೇ ಇದ್ದೇನೆ. ನನ್ನ ಎಮ್ಮೆಗಳನ್ನು ನಾಯಿ ಕಾಯುತ್ತಿದೆ.

ಸುಬ್ಬ


ಗೂಡಲೂರು
6 ಜನವರಿ 1935

ಅಪ್ಪ,

ಹೌದು.

ಈ ಒಂದು ಮಾತು ಬರೆಯಲು ಇಷ್ಟು ದಿನ ಬೇಕಾಯಿತು. ಜ್ವರ ಇತ್ತು, ಆದರೆ ಅದರಿಂದ ಅವಳು ಸಾಯುತ್ತಿರಲಿಲ್ಲ. ಏರಿನಲ್ಲಿ ಪರದೆಯೊಳಗೆ ಹೊಗೆ ತುಂಬಿತು. ಅವಳಿಗೆ ನಿದ್ದೆ ಬಂದಂತೆ ಆಗಿರುತ್ತದೆ. ನೋವು ಗೊತ್ತಾಗುವ ಮೊದಲೇ ಅರಿವು ತಪ್ಪಿರುತ್ತದೆ ಎಂದು ಡಾಕ್ಟರು ಹೇಳಿದರು. ನನಗೆ ಸಮಾಧಾನವಾಗಲಿ ಎಂದು ಹೇಳಿದರೋ, ನಿಜವೋ, ನಾನು ಕೇಳಲಿಲ್ಲ.

ನೀನು ಕೊಂದೆ ಎಂದು ನಾನು ಬರೆಯಲಾರೆ. ನಿನ್ನದೇನೂ ಇಲ್ಲ ಎಂದು ಬರೆದರೆ ನೀನು ನಂಬುವುದಿಲ್ಲ. ಅವಳಿಗೆ ಚಳಿಯಾಗಬಾರದೆಂದು ನೀನು ಸಂದಿ ಮುಚ್ಚಿದೆ. ಅವಳು ಬೇಗ ಆಸ್ಪತ್ರೆ ಸೇರಲೆಂದು ಗಂಟಲು ಬಿಟ್ಟೆ. ಹಾಗೆ ಮಾಡಿದ್ದರಿಂದ ಅವಳು ಸತ್ತಳು. ಇದರಲ್ಲಿ ಯಾವುದನ್ನೂ ನಾನು ಅಳಿಸಲಾರೆ. ನೀನು ಅವಳನ್ನು ಎಷ್ಟು ಜೋಪಾನ ಮಾಡಿದೆ ಎಂಬುದನ್ನೂ ಅಳಿಸಲಾರೆ.

ನನಗೆ ನಿನ್ನ ಮೇಲೆ ಸಿಟ್ಟು ಬಂತು. ಸುಳ್ಳು ಏಕೆ ಹೇಳಲಿ, ಎರಡು ದಿನ ನಿನ್ನ ಹೆಸರೆತ್ತಲಿಲ್ಲ. ಮೂರನೆಯ ದಿನ ಚಿಕ್ಕಪ್ಪ ಬಾಗಿಲು ಒದ್ದದ್ದು ಕನಸಿನಲ್ಲಿ ಕಂಡಿತು. ಬಾಗಿಲು ತೆರೆದುಕೊಳ್ಳಲೇ ಇಲ್ಲ. ಎದ್ದು ಕೂತು ನಿನ್ನ ಹೆಸರು ಕೂಗಿದೆ, ಇವರು ಹೆದರಿ ನೀರು ತಂದರು. ಒಬ್ಬಳನ್ನು ಕಳಕೊಂಡಿದ್ದೇನೆ. ಸಿಟ್ಟಿಗಾಗಿ ಇನ್ನೊಬ್ಬನನ್ನು ಕಳೆದುಕೊಳ್ಳಲು ನನ್ನಿಂದಾಗದು.

ಅವ್ವೆ ಹಣಕ್ಕಾಗಿ ಕಾಯುತ್ತಿಲ್ಲ. ಅವಳು ಆ ಸೀಟಿನಲ್ಲಿ ಇಲ್ಲವೇ ಇಲ್ಲ. ಅಲ್ಲಿ ಕೂತಿರುವುದು ಹೊಗೆ. ಅವಳನ್ನು ಕೊಂದದ್ದೇ ಅವಳ ಮುಖ ಹಾಕಿಕೊಂಡು ನಿನ್ನ ಪಕ್ಕ ಬಂದು ಕೂರುತ್ತಿದೆ. ನೀನು ಅದಕ್ಕೆ ತುಪ್ಪ ಹಿಡಿಯುತ್ತಿದ್ದೀಯ.

ಹ್ಯಾಂಡಲನ್ನು ಚಿಕ್ಕಪ್ಪ ಎಷ್ಟು ದಿನ ಅಡಗಿಸಿಡುತ್ತಾರೆ? ನೀನು ಬದುಕಬೇಕೆಂದು ನೀನೇ ಅಂದುಕೊಳ್ಳಬೇಕು. ಮೊಮ್ಮಗುವಿಗೆ ನಾನು ಯಾರ ಕಥೆ ಹೇಳಲಿ, ಇಬ್ಬರದೂ ಒಂದೇ ಮೋಟಾರಿನಲ್ಲಿ ಮುಗಿಯಿತೆಂದೇ? ನಾನು ಬಿದ್ದುಕೊಂಡಿದ್ದೆ, ಈಗ ಎದ್ದು ಓಡಾಡುತ್ತೇನೆ. ಡಾಕ್ಟರು ಬಿಟ್ಟ ಕೂಡಲೇ ಬಸ್ಸಿನಲ್ಲಿ ಬರುತ್ತೇನೆ. ನಾನು ಬಂದಾಗ ನೀನು ಇರು. ಇದಕ್ಕಿಂತ ಹೆಚ್ಚಿನದನ್ನು ನಾನು ನಿನ್ನ ಹತ್ತಿರ ಎಂದೂ ಕೇಳಿಲ್ಲ.

ಪಂಕಜಂ


ಕಡೆಹಟ್ಟಿ
18 ಜನವರಿ 1935

ಮಗಳು ಪಂಕಜಂಗೆ,

ಕಾಗದ ಬಂತು. ಅದೇ ಕಲ್ಲಿನ ಮೇಲೆ ಕೂತು ಓದಿದೆ. ಓದಿ ಎದ್ದು ಸೀದಾ ಕೊಟ್ಟಿಗೆಗೆ ಹೋದೆ. ಸುಬ್ಬ ಹಿಂದೆ ಓಡಿ ಬಂದು ಬಾಗಿಲಿಗೆ ಅಡ್ಡ ನಿಂತ. ಅವನು ಊಹಿಸಿದ್ದು ಸರಿಯಾಗಿಯೇ ಇತ್ತು. ನಿನ್ನಿಂದ ಮುಚ್ಚಿಡುವುದಿಲ್ಲ.

“ಹ್ಯಾಂಡಲು ಕೊಡು” ಎಂದೆ.

“ಮೋಟಾರು ಅಂಗಳಕ್ಕೆ ಬರಲಿ, ಕೊಡ್ತೇನೆ” ಎಂದ. ಕಣ್ಣಲ್ಲಿ ನೀರು, ಕೈಯಲ್ಲಿ ಎಮ್ಮೆ ಕಾಯುವ ಕೋಲು. ನನ್ನ ತಮ್ಮ ನನಗೆ ಕೋಲು ಎತ್ತಿದ್ದು ಇದೇ ಮೊದಲು. ಆಮೇಲೆ ನಾನೇ ಬಾಗಿಲಿನ ಅಡಿಯ ಗೋಣಿ ಕಿತ್ತೆ. ಹಟ್ಟಿಯವರೆಲ್ಲ ಸೇರಿ ಮೋಟಾರನ್ನು ಬಿಸಿಲಿಗೆ ತಳ್ಳಿದರು. ಮೇಲ್ಕಟ್ಟು ಮಡಚಿದೆ. ನಿನಗಾಗಿ ಕಂಬಳಿ ಹೊಲಿಸಿದ್ದ ಪರದೆಗಳನ್ನು ಕತ್ತಿಯಿಂದ ಕುಯ್ದು ಹಾಕಿದೆ. ಎಂಜಿನ್ನು ಹಚ್ಚಿ ಹಿಂದಿನ ಸೀಟಿನಲ್ಲಿ ಕೂತೆ.

ನೀನು ಹೇಳಿದ್ದನ್ನು ನಂಬದೆ ಅಲ್ಲ. ನೋಡಬೇಕಾಗಿತ್ತು.

ಗಾಳಿ ಬೀಸುತ್ತಿತ್ತು. ಕೋಳಿಗಳು ಓಡಾಡುತ್ತಿದ್ದವು. ಸುಬ್ಬ ಕೋಲು ಹಿಡಿದೇ ನಿಂತಿದ್ದ. ತಲೆ ಭಾರವಾಗಲಿಲ್ಲ, ಕೈ ಎತ್ತಿದರೆ ಎದ್ದಿತು. ಪೆಟ್ರೋಲು ತೀರುವವರೆಗೂ ಕೂತೆ. ಚಿನ್ನಿ ಬರಲಿಲ್ಲ. ಪಕ್ಕದ ಸೀಟು ಬರಿದಾಗಿತ್ತು. ಅದರ ತೊಗಲು ಹರಿದದ್ದು ಕೂಡ ನನಗೆ ಆವತ್ತೇ ಕಂಡದ್ದು.

ಮಗಳೇ, ಅವಳು ಸತ್ತು ವರ್ಷವಾಯಿತು. ನನಗೆ ಸತ್ತದ್ದು ಆವತ್ತು. ಅಂಗಳದ ನಡುವೆ, ಎಲ್ಲರ ಎದುರಿಗೆ, ಮುದುಕ ಎಂಬ ನಾಚಿಕೆ ಬಿಟ್ಟು ಅತ್ತೆ. ಕೊನೆಯ ಸಲ ಅವಳ ಮುಖ ಕಂಡದ್ದೂ ಸುಳ್ಳಾಯಿತಲ್ಲ, ಅದಕ್ಕೂ ಅತ್ತೆ. ನೀನು ಅದನ್ನು ಹೊಗೆ ಎಂದೆ. ಹೊಗೆಯೇ ಇರಲಿ, ಅದು ಚಿನ್ನಿಯ ಹಾಗೇ ಇತ್ತು ಪಂಕಜಂ. ಇನ್ನು ಅದೂ ಇಲ್ಲ.

ನಿನ್ನದೇನೂ ತಪ್ಪಿಲ್ಲ ಎಂದು ನೀನು ಬರೆಯಲಿಲ್ಲ. ಒಳ್ಳೆಯದು ಮಾಡಿದೆ. ಬರೆದಿದ್ದರೆ ನಿನ್ನ ಮೇಲಿದ್ದ ನಂಬಿಕೆಯೂ ಹೋಗುತ್ತಿತ್ತು, ಆಮೇಲೆ ನಾನು ಯಾರ ಮಾತು ಕೇಳಿ ಬದುಕಲಿ? ಇದನ್ನು ನಾನು ಹೊತ್ತುಕೊಂಡೇ ಇರುತ್ತೇನೆ. ಹೊತ್ತುಕೊಂಡೇ ಇರುತ್ತೇನೆ, ಹೋಗುವುದಿಲ್ಲ. ಸುಬ್ಬನಿಗೂ ಹೇಳಿದ್ದೇನೆ, ಅವನು ಈಗ ರಾತ್ರಿ ನನ್ನ ಬಾಗಿಲಲ್ಲಿ ಮಲಗುವುದನ್ನು ಬಿಟ್ಟಿದ್ದಾನೆ.

ಮೋಟಾರನ್ನು ಕೇಳಿಕೊಂಡು ಊಟಿಯಿಂದ ಒಬ್ಬ ಬಂದಿದ್ದ. ಕೊಡಲಿಲ್ಲ. ಅವನಿಗೂ ಹೆಂಡತಿ ಇರುತ್ತಾಳೆ, ಅವಳೂ ಹಿಂದೆಯೇ ಕೂರುತ್ತಾಳೆ. ನಂಜುಂಡನ್ ಬಂದು ಬಿಚ್ಚಿ ಕಬ್ಬಿಣವನ್ನು ಕಬ್ಬಿಣವಾಗಿ ತೂಗಿಕೊಂಡು ಹೋದ. ಕೊಟ್ಟಿಗೆಗೆ ಎಮ್ಮೆಗಳು ವಾಪಸು ಬಂದವು.

ನಿನಗೆ ರಕ್ತ ಕಂಡದ್ದನ್ನು ಸುಬ್ಬ ಮೊನ್ನೆ ಬಾಯಿಬಿಟ್ಟ. ಅವನನ್ನು ಬೈಯಬೇಡ. ಡಾಕ್ಟರು ಹೇಳಿದ ಮೇಲೆಯೇ ಹೊರಡು, ಅವಸರ ಬೇಡ. ನಾನು ಇರುತ್ತೇನೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತುಕೋ. ಏರಿನಲ್ಲಿ ಗಾಳಿ ಕೊರೆಯುತ್ತದೆ. ಅಳಿಯ ನಿನ್ನ ಮೇಲಿನ ಪ್ರೀತಿಗೆ ಪರದೆ ಎಳೆಯಲು ಬರುತ್ತಾನೆ. ಎಳೆಯಲು ಬಿಡಬೇಡ. ನಡುಗಿಕೊಂಡೇ ಬಾ, ಮಗಳೇ.

ನಿನ್ನ ಅಪ್ಪ,
ಭೋಜನ್